ಕಿತ್ತಳೆ ಸಿಪ್ಪೆಯ ಘಮದ ಸಿಹಿ ರೋಲ್: ಹಿಟ್ಟು ನಾದುವುದರಿಂದ ಓವನ್‌ವರೆಗೆ

ಚಿಕ್ಕವರಿದ್ದಾಗ ಕಿತ್ತಳೆ ಸಿಪ್ಪೆಯನ್ನು ಮಡಚಿ ಪಕ್ಕದವರ ಕಣ್ಣಿಗೆ ಚಿಮ್ಮಿಸಿದ್ದು ನಿಮಗೂ ನೆನಪಿರಬೇಕು, ಅಲ್ವಾ? ಕಣ್ಣು ಉರಿಯುತ್ತಿತ್ತು, ದೊಡ್ಡವರಿಂದ ಬೈಗುಳ ಬೀಳುತ್ತಿತ್ತು, ಆದರೆ ಮನೆ ತುಂಬಾ ಘಮ. ಆಗ ಚಿಮ್ಮುತ್ತಿದ್ದದ್ದು ಎಣ್ಣೆ. ಸಿಪ್ಪೆಯ ಹೊರಮೈಯಲ್ಲಿ ಕಾಣುವ ಸಣ್ಣ ಸಣ್ಣ ಚುಕ್ಕಿಗಳಿವೆಯಲ್ಲ, ಅವೆಲ್ಲ ಆ ಎಣ್ಣೆಯ ಚೀಲಗಳು. ಕಿತ್ತಳೆಯ ಪರಿಮಳ ಇರುವುದು ಅಲ್ಲಿ. ರಸದಲ್ಲಿ ಹುಳಿ ಇದೆ, ಸಿಹಿ ಇದೆ, ಬಹಳಷ್ಟು ನೀರಿದೆ. ಪರಿಮಳ ಮಾತ್ರ ಅಷ್ಟಾಗಿ ಇಲ್ಲ.

ಇದು ನನಗೆ ಗೊತ್ತಾಗಿದ್ದು ಒಂದು ಟ್ರೇ ರೋಲ್ ಹಾಳಾದ ಮೇಲೆ. ಮೊದಲ ಸಲ ಮಾಡಿದಾಗ ಹಾಲಿನ ಬದಲು ಪೂರ್ತಿ ಕಿತ್ತಳೆ ರಸವನ್ನೇ ಹಾಕಿ ಹಿಟ್ಟು ಕಲಸಿದ್ದೆ. ರಸ ಜಾಸ್ತಿಯಾದಷ್ಟು ಕಿತ್ತಳೆ ರುಚಿ ಜಾಸ್ತಿ ಎಂದು ನನ್ನ ಲೆಕ್ಕ. ಹಿಟ್ಟು ಎರಡು ಗಂಟೆ ಕಾದರೂ ಸರಿಯಾಗಿ ಉಬ್ಬಲಿಲ್ಲ. ಬೇಯಿಸಿದ ಮೇಲೆ ರೋಲ್ ಗಟ್ಟಿಯಾಗಿತ್ತು, ಬಾಯಲ್ಲಿ ಸ್ವಲ್ಪ ಹುಳಿ ಬಿಟ್ಟರೆ ಕಿತ್ತಳೆಯ ಸುಳಿವೇ ಇರಲಿಲ್ಲ. ಹುಳಿ ಜಾಸ್ತಿಯಾದರೆ ಮೈದಾದ ಜಿಗುಟು ಕೆಡುತ್ತದೆ, ಈಸ್ಟ್ ಕೂಡ ನಿಧಾನವಾಗುತ್ತದೆ. ಅಂದಿನಿಂದ ನನ್ನ ಪದ್ಧತಿ ಇಷ್ಟೇ: ಹಿಟ್ಟಿಗೆ ಸಿಪ್ಪೆಯ ತುರಿ, ಹೂರಣಕ್ಕೆ ಸಿಪ್ಪೆಯ ತುರಿ, ರಸ ಮಾತ್ರ ಕೊನೆಗೆ ಮೇಲೆ ಸುರಿಯುವ ಸಕ್ಕರೆ ಲೇಪಕ್ಕೆ.

ಸಿಪ್ಪೆಯ ಬೆಲೆ ನಮ್ಮವರಿಗೆ ಹೊಸದೇನಲ್ಲ. ಹುಣಸೆಹುಳಿ, ಬೆಲ್ಲ ಹಾಕಿ ಕಿತ್ತಳೆ ಸಿಪ್ಪೆಯ ಗೊಜ್ಜು ಮಾಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಗೊಜ್ಜಿನಲ್ಲಿ ಕಹಿಯನ್ನು ಬೆಲ್ಲ ಮತ್ತು ಹುಳಿ ಸೇರಿ ಸಂಭಾಳಿಸುತ್ತವೆ. ರೋಲ್‌ನಲ್ಲಿ ಆ ಅನುಕೂಲ ಇಲ್ಲ, ಹಾಗಾಗಿ ಕಹಿ ಒಳಗೆ ಬರದ ಹಾಗೆ ಮೊದಲೇ ನೋಡಿಕೊಳ್ಳಬೇಕು.

ಇಲ್ಲಿ ಕೊಟ್ಟಿರುವುದು ಮೊಟ್ಟೆ ಇಲ್ಲದ ರೋಲ್. ಒಂಬತ್ತು ದೊಡ್ಡ ರೋಲ್ ಆಗುತ್ತವೆ. ಕೈಕೆಲಸ ಸುಮಾರು ಒಂದು ಗಂಟೆ, ಕಾಯುವುದು ಸೇರಿದರೆ ನಾಲ್ಕು ಗಂಟೆ. ರಜೆಯ ದಿನ ಇಟ್ಟುಕೊಳ್ಳಿ.

ಯಾವ ಹಣ್ಣು ತರಬೇಕು

ಕೊಡಗಿನ ಕಿತ್ತಳೆ ಸಿಕ್ಕಿದರೆ ಬೇರೆ ಯೋಚನೆ ಬೇಡ. ಕಾಫಿ ತೋಟಗಳ ನಡುವೆ ಬೆಳೆಯುವ ಈ ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ನೋಡಲು ಹಸಿರು ಮಿಶ್ರಿತ ಹಳದಿ. ಕಾಯಿ ಇರಬೇಕು ಎಂದು ಜನ ಪಕ್ಕಕ್ಕೆ ಇಡುತ್ತಾರೆ, ಆದರೆ ಅದರ ಬಣ್ಣವೇ ಹಾಗೆ. ಸಿಪ್ಪೆ ತೆಳ್ಳಗೆ, ತೊಳೆಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ತುರಿಯಲು ಇದಕ್ಕಿಂತ ಅನುಕೂಲ ಇಲ್ಲ. ರುಚಿಯಲ್ಲೂ ಸಿಹಿಯ ಜೊತೆ ಚುರುಕಾದ ಹುಳಿ ಇದೆ, ಸಕ್ಕರೆ ಲೇಪಕ್ಕೆ ಅದು ಬೇಕೇ ಬೇಕು.

ಗಾಡಿಗಳಲ್ಲಿ ರಾಶಿ ಹಾಕಿರುವ ನಾಗಪುರದ ಕಿತ್ತಳೆ ಸಿಹಿ ಜಾಸ್ತಿ, ಸಿಪ್ಪೆ ಸಡಿಲ. ತುರಿಯಲು ಹೋದರೆ ಸಿಪ್ಪೆ ಒಳಗೆ ಕುಸಿಯುತ್ತದೆ, ಹರಿಯುತ್ತದೆ. ಇದಕ್ಕೆ ಒಂದು ಉಪಾಯ ಇದೆ. ಹಣ್ಣನ್ನು ಒಂದು ಗಂಟೆ ಫ್ರಿಜ್‌ನಲ್ಲಿಡಿ. ತಣ್ಣಗಾದ ಸಿಪ್ಪೆ ಗಡುಸಾಗಿ ತುರಿಮಣೆಗೆ ಸಿಗುತ್ತದೆ. ಹಣ್ಣು ಸುಕ್ಕಾಗಿದ್ದರೆ ಈ ಉಪಾಯವೂ ನಡೆಯುವುದಿಲ್ಲ. ಹೊಸ ಹಣ್ಣನ್ನೇ ಆರಿಸಿ.

ಸೂಪರ್ ಮಾರ್ಕೆಟ್‌ನಲ್ಲಿ ಸಿಗುವ ಹೊರದೇಶದ ಕಿತ್ತಳೆಯ ಸಿಪ್ಪೆ ದಪ್ಪ, ತುರಿಯಲು ಸುಲಭ. ಆದರೆ ಅದರ ಮೇಲೆ ಹೊಳಪಿಗೆ ಮೇಣ ಹಚ್ಚಿರುತ್ತಾರೆ. ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಬ್ರಷ್‌ನಿಂದ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ. ಬೇರೆ ಕಿತ್ತಳೆಯನ್ನೂ ಚೆನ್ನಾಗಿ ಉಜ್ಜಿ ತೊಳೆಯಬೇಕು, ಸಿಪ್ಪೆಯನ್ನೇ ತಿನ್ನುತ್ತಿದ್ದೇವಲ್ಲ.

ಗಜನಿಂಬೆ ಸಿಕ್ಕರೆ ಅದರದ್ದೂ ಒಂದಿಷ್ಟು ತುರಿ ಸೇರಿಸಿ ನೋಡಿ. ಘಮ ಬೇರೆಯೇ ಆಗುತ್ತದೆ. ನಿಂಬೆಹಣ್ಣಿನ ತುರಿಯೂ ಆಗುತ್ತದೆ, ಆದರೆ ಖಾರ ಖಾರ, ಕಾಲು ಚಮಚ ಸಾಕು. ಮೂಸಂಬಿ ಸಿಪ್ಪೆಯ ಪರಿಮಳ ಬೆಂದ ಮೇಲೆ ಉಳಿಯುವುದಿಲ್ಲ. ಚಕ್ಕೋತದ ಸಿಪ್ಪೆಗೆ ಒಳ್ಳೆಯ ಘಮ ಇದೆ, ಕಹಿಯೂ ಅಷ್ಟೇ ಇದೆ. ನಾನು ಬಳಸುವುದಿಲ್ಲ.

ಬೇಕಾಗುವ ಸಾಮಾನು

ಹಿಟ್ಟಿಗೆ:
ಮೈದಾ 400 ಗ್ರಾಂ (ಇದರಲ್ಲಿ 25 ಗ್ರಾಂ ಮುಂದೆ ಹೇಳುವ ಗಂಜಿಗೆ ಬೇರೆ ತೆಗೆದಿಡಿ)
ಹಾಲು 275 ಮಿ.ಲೀ. (125 ಗಂಜಿಗೆ, 150 ಕಲಸಲು)
ಸಕ್ಕರೆ 60 ಗ್ರಾಂ
ಇನ್‌ಸ್ಟಂಟ್ ಈಸ್ಟ್ 6 ಗ್ರಾಂ, ಅಂದರೆ ಎರಡು ಸಣ್ಣ ಚಮಚ
ಉಪ್ಪು 6 ಗ್ರಾಂ, ಒಂದು ಸಣ್ಣ ಚಮಚ
ಮೆತ್ತಗಿನ ಬೆಣ್ಣೆ 60 ಗ್ರಾಂ
ಕಿತ್ತಳೆ ಸಿಪ್ಪೆಯ ತುರಿ ಒಂದು ದೊಡ್ಡ ಚಮಚ

ಹೂರಣಕ್ಕೆ:
ಮೆತ್ತಗಿನ ಬೆಣ್ಣೆ 70 ಗ್ರಾಂ
ಸಕ್ಕರೆ 90 ಗ್ರಾಂ
ಸಿಪ್ಪೆಯ ತುರಿ ಒಂದೂವರೆ ದೊಡ್ಡ ಚಮಚ
ಏಲಕ್ಕಿ ಪುಡಿ ಕಾಲು ಸಣ್ಣ ಚಮಚ
ಕಾರ್ನ್‌ಫ್ಲೋರ್ ಒಂದು ಸಣ್ಣ ಚಮಚ, ಚಿಟಿಕೆ ಉಪ್ಪು

ಮೇಲಿನ ಲೇಪಕ್ಕೆ:
ಸಕ್ಕರೆ ಪುಡಿ 120 ಗ್ರಾಂ
ಕಿತ್ತಳೆ ರಸ ಸುಮಾರು ಎರಡು ದೊಡ್ಡ ಚಮಚ
ನಿಂಬೆರಸ ಒಂದು ಸಣ್ಣ ಚಮಚ
ಕರಗಿಸಿದ ಬೆಣ್ಣೆ ಒಂದು ದೊಡ್ಡ ಚಮಚ, ಚಿಟಿಕೆ ತುರಿ

ಒಟ್ಟು ನಾಲ್ಕು ಮಧ್ಯಮ ಗಾತ್ರದ ಕಿತ್ತಳೆ ಸಾಕು. ಕೊಡಗಿನ ಹಣ್ಣು ಸಣ್ಣದಿದ್ದರೆ ಐದು. ದಯವಿಟ್ಟು ತಕ್ಕಡಿ ಬಳಸಿ. ಲೋಟದಲ್ಲಿ ಮೈದಾ ಅಳೆದರೆ ಒತ್ತಿ ತುಂಬಿದಾಗ ಒಂದು ಲೆಕ್ಕ, ಸಡಿಲ ತುಂಬಿದಾಗ ಇನ್ನೊಂದು ಲೆಕ್ಕ. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿಯೊಂದು ಇದ್ದರೆ ಬೇಕಿಂಗ್‌ನ ಅರ್ಧ ತಾಪತ್ರಯ ಕಳೆದ ಹಾಗೆ.

ಮೈದಾ ಪೊಟ್ಟಣದ ಹಿಂದೆ ಪ್ರೋಟೀನ್ ಎಷ್ಟು ಎಂದು ಬರೆದಿರುತ್ತಾರೆ. 100 ಗ್ರಾಂಗೆ 11 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇರುವುದನ್ನು ತನ್ನಿ. ಪ್ರೋಟೀನ್ ಕಡಿಮೆ ಇದ್ದರೆ ಹಿಟ್ಟು ಎಳೆದರೆ ಹರಿಯುತ್ತದೆ. ಗೋಧಿ ಹಿಟ್ಟಿನಲ್ಲೇ ಮಾಡಬಹುದಾ ಎಂದು ಬಹಳ ಜನ ಕೇಳುತ್ತಾರೆ. ಕಾಲು ಭಾಗ ಗೋಧಿ ಹಿಟ್ಟು ಹಾಕಿದರೆ ಪರವಾಗಿಲ್ಲ, ಎರಡು ಚಮಚ ಹಾಲು ಜಾಸ್ತಿ ಬೇಕಾಗುತ್ತದೆ. ಪೂರ್ತಿ ಗೋಧಿಯಾದರೆ ಈ ಹತ್ತಿಯಂಥ ಮೃದುತನ ಬರುವುದಿಲ್ಲ.

ಈಸ್ಟ್‌ನಲ್ಲಿ ಎರಡು ಥರ ಸಿಗುತ್ತವೆ. ಇನ್‌ಸ್ಟಂಟ್ ಈಸ್ಟ್ ಸಣ್ಣ ಕಾಳಿನದು, ನೇರ ಮೈದಾಕ್ಕೆ ಬೆರೆಸಬಹುದು. ಆ್ಯಕ್ಟಿವ್ ಡ್ರೈ ಈಸ್ಟ್ ಕಾಳು ದಪ್ಪ. ಅದನ್ನು ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಸಕ್ಕರೆ ಜೊತೆ ಹಾಕಿ ಹತ್ತು ನಿಮಿಷ ಬಿಡಬೇಕು, ನೊರೆ ಬಂದರೆ ಮಾತ್ರ ಮುಂದುವರಿಯಬೇಕು. ಇದು 7ರಿಂದ 8 ಗ್ರಾಂ ಬೇಕು. ತೆರೆದ ಪೊಟ್ಟಣ ಎಷ್ಟೋ ತಿಂಗಳಿಂದ ಡಬ್ಬಿಯಲ್ಲಿದ್ದರೆ ಯಾವ ಈಸ್ಟ್ ಆದರೂ ಹೀಗೆ ನೊರೆ ನೋಡಿಯೇ ಬಳಸಿ. ತೆರೆದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡುವುದು ಕ್ಷೇಮ.

ಬೆಣ್ಣೆ ಉಪ್ಪಿಲ್ಲದ್ದಾದರೆ ಒಳ್ಳೆಯದು. ಉಪ್ಪಿರುವ ಹಳದಿ ಬೆಣ್ಣೆ ಹಾಕುವುದಾದರೆ ಹಿಟ್ಟಿನ ಉಪ್ಪನ್ನು ಅರ್ಧಕ್ಕೆ ಇಳಿಸಿ. ಮನೆಯಲ್ಲಿ ಕಡೆದ ಬೆಣ್ಣೆಯೂ ಆಗುತ್ತದೆ, ಮಜ್ಜಿಗೆ ನೀರೆಲ್ಲ ಹಿಂಡಿ ತೆಗೆದಿರಬೇಕು.

ತುರಿಯುವುದು

ಹಣ್ಣು ಸುಲಿಯುವ ಮೊದಲೇ ತುರಿಯಬೇಕು. ಸುಲಿದ ಮೇಲೆ ಸಿಪ್ಪೆಯನ್ನು ಹಿಡಿದು ತುರಿಯುವುದು ಆಗದ ಮಾತು. ತುರಿಮಣೆಯ ತೀರಾ ಸಣ್ಣ ಕಣ್ಣಿನ ಭಾಗ ಬಳಸಿ, ಶುಂಠಿ ತುರಿಯುವ ಕಡೆ. ಹಣ್ಣನ್ನು ಒಂದೇ ಜಾಗದಲ್ಲಿ ಎರಡು ಸಲಕ್ಕಿಂತ ಜಾಸ್ತಿ ಉಜ್ಜಬೇಡಿ. ಒಂದು ಎಳೆತ, ಹಣ್ಣು ಸ್ವಲ್ಪ ತಿರುಗಿಸಿ, ಮತ್ತೊಂದು ಎಳೆತ. ಕೆಳಗಿನ ಬಿಳಿ ಪದರ ಕಂಡ ತಕ್ಷಣ ಆ ಜಾಗ ಬಿಡಿ. ಕಹಿ ಇರುವುದು ಆ ಬಿಳಿಯಲ್ಲಿ. ತುರಿ ಒದ್ದೆ ಒದ್ದೆಯಾಗಿ, ಬಣ್ಣ ಗಾಢವಾಗಿ, ಬೆರಳಿಗೆ ಎಣ್ಣೆ ಹತ್ತುವ ಹಾಗೆ ಇದ್ದರೆ ಸರಿಯಾಗಿ ಬಂದಿದೆ ಎಂದು ಅರ್ಥ. ಪೇಲವವಾಗಿ, ಒಣಗಿದ ಹಾಗೆ ಕಂಡರೆ ಬಿಳಿ ಸೇರಿಕೊಂಡಿದೆ.

ತುರಿದ ತಕ್ಷಣ ಹೂರಣದ 90 ಗ್ರಾಂ ಸಕ್ಕರೆಗೆ ಒಂದೂವರೆ ಚಮಚ ತುರಿ ಹಾಕಿ. ಬೆರಳ ತುದಿಗಳಿಂದ ಒಂದೆರಡು ನಿಮಿಷ ಉಜ್ಜಿ. ಈ ಎರಡು ನಿಮಿಷ ಬಿಡಬೇಡಿ. ಸಕ್ಕರೆಯ ಹರಳು ಸಿಪ್ಪೆಯ ಎಣ್ಣೆ ಚೀಲಗಳನ್ನು ಒಡೆಯುತ್ತದೆ, ಹೊರಬಂದ ಎಣ್ಣೆಯನ್ನು ತಾನೇ ಹೀರಿಕೊಳ್ಳುತ್ತದೆ. ಮೊದಲು ಒಣ ಸಕ್ಕರೆಯಲ್ಲಿ ತುರಿ ಬೇರೆ ಬೇರೆ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಸಕ್ಕರೆ ತಿಳಿ ಕೇಸರಿ ಬಣ್ಣಕ್ಕೆ ತಿರುಗುತ್ತದೆ, ಒದ್ದೆ ಮರಳಿನ ಹಾಗೆ ಹಿಡಿಗೆ ಕೂಡುತ್ತದೆ, ಇಡೀ ಅಡುಗೆಮನೆ ಘಮ್ ಅನ್ನುತ್ತದೆ. ಬಟ್ಟಲು ಮುಚ್ಚಿಡಿ. ಹಿಟ್ಟಿಗೆ ಹಾಕುವ ತುರಿಯನ್ನೂ ಇದೇ ಥರ ಅದರ 60 ಗ್ರಾಂ ಸಕ್ಕರೆಯಲ್ಲಿ ಉಜ್ಜಿಡಿ.

ಒಂದು ಸಣ್ಣ ಗಂಜಿ

ತೆಗೆದಿಟ್ಟ 25 ಗ್ರಾಂ ಮೈದಾಕ್ಕೆ 125 ಮಿ.ಲೀ. ತಣ್ಣನೆಯ ಹಾಲು ಹಾಕಿ ಗಂಟಿಲ್ಲದೆ ಕದಡಿ. ಸಣ್ಣ ಉರಿಯಲ್ಲಿಟ್ಟು ಬಿಡದೆ ಕೈಯಾಡಿಸಿ. ಎರಡು ಮೂರು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಸೌಟು ಎಳೆದರೆ ಪಾತ್ರೆಯ ತಳದಲ್ಲಿ ಗೆರೆ ನಿಲ್ಲಬೇಕು. ಥರ್ಮಾಮೀಟರ್ ಇದ್ದರೆ 65 ಡಿಗ್ರಿ ಸೆಲ್ಸಿಯಸ್. ಇಳಿಸಿ ಆರಲು ಬಿಡಿ.

ಜಪಾನ್, ಚೀನಾ ಕಡೆಯ ಮೆತ್ತಗಿನ ಬ್ರೆಡ್‌ಗಳ ಗುಟ್ಟು ಇದು. ನಮಗೆ ಅಪರಿಚಿತವೇನಲ್ಲ. ಅಕ್ಕಿ ರೊಟ್ಟಿಗೆ ಹಿಟ್ಟು ಉಕ್ಕರಿಸಿಕೊಳ್ಳುತ್ತೇವಲ್ಲ, ತತ್ವ ಅದೇ. ಬೆಂದ ಹಿಟ್ಟು ಹಸಿ ಹಿಟ್ಟಿಗಿಂತ ಬಹಳ ಜಾಸ್ತಿ ನೀರು ಹಿಡಿದಿಟ್ಟುಕೊಳ್ಳುತ್ತದೆ. ಅದರಿಂದ ರೋಲ್ ಮರುದಿನವೂ ಒಣಗುವುದಿಲ್ಲ. ಮೊಟ್ಟೆ ಇಲ್ಲದ ಹಿಟ್ಟಿಗಂತೂ ಇದು ದೊಡ್ಡ ಆಸರೆ.

ಕಲಸಿ ನಾದುವುದು

ದೊಡ್ಡ ಪಾತ್ರೆಗೆ 375 ಗ್ರಾಂ ಮೈದಾ, ತುರಿ ಉಜ್ಜಿದ ಸಕ್ಕರೆ, ಈಸ್ಟ್ ಹಾಕಿ ಬೆರೆಸಿ. ಉಪ್ಪನ್ನು ಕೊನೆಗೆ ಒಂದು ಬದಿಗೆ ಹಾಕಿ ಕಲಸಿ. ಆರಿದ ಗಂಜಿ ಸೇರಿಸಿ. ಉಳಿದ 150 ಮಿ.ಲೀ. ಹಾಲಿನಲ್ಲಿ ಎರಡು ಚಮಚ ಹಿಂದೆ ಉಳಿಸಿಕೊಂಡು ಬಾಕಿಯದನ್ನು ಹಾಕಿ. ಹಾಲು ಕಾಯಿಸಿ ಆರಿಸಿದ್ದಾಗಿರಲಿ, ಉಗುರುಬೆಚ್ಚಗಿರಲಿ. ಕಿರುಬೆರಳು ಅದ್ದಿದರೆ ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. 55 ಡಿಗ್ರಿ ದಾಟಿದರೆ ಈಸ್ಟ್ ಸಾಯಲು ಶುರು. ಬಿಸಿ ಹಾಲು ಸುರಿದು ಈಸ್ಟ್ ಸಾಯಿಸಿ, ಆಮೇಲೆ ಈಸ್ಟ್ ಚೆನ್ನಾಗಿಲ್ಲ ಅಂದುಕೊಳ್ಳುವವರೇ ಜಾಸ್ತಿ.

ಎಲ್ಲ ಒಂದಾಗುವಷ್ಟು ಕಲಸಿ, ಮುಚ್ಚಿ, ಇಪ್ಪತ್ತು ನಿಮಿಷ ಸುಮ್ನೆ ಬಿಡಿ. ಈ ಹೊತ್ತಿನಲ್ಲಿ ಮೈದಾ ನೀರು ಕುಡಿಯುತ್ತದೆ, ನಾದುವ ಕೆಲಸ ಅರ್ಧ ತಾನಾಗೇ ಆಗಿರುತ್ತದೆ.

ಆಮೇಲೆ ಎಂಟು ನಿಮಿಷ ನಾದಿ. ಅಂಗೈಯ ಬುಡದಿಂದ ಮುಂದಕ್ಕೆ ತಳ್ಳಿ, ಮಡಚಿ, ತಿರುಗಿಸಿ, ಮತ್ತೆ ತಳ್ಳಿ. ಚಪಾತಿ ಹಿಟ್ಟಿನ ಹಾಗೆ ಗಟ್ಟಿ ಇರಬಾರದು. ಹೋಳಿಗೆ ಕಣಕ ಗೊತ್ತಲ್ಲ, ಅದಕ್ಕಿಂತ ಒಂದು ತೂಕ ಗಟ್ಟಿ. ಬಿರುಸು ಅನ್ನಿಸಿದರೆ ಉಳಿಸಿದ ಹಾಲು ಹಾಕಿ.

ಈಗ ಬೆಣ್ಣೆ. ನಾಲ್ಕು ಭಾಗ ಮಾಡಿ, ಒಂದು ಭಾಗ ಪೂರ್ತಿ ಒಳಗೆ ಹೋದ ಮೇಲೆ ಇನ್ನೊಂದು ಹಾಕಿ. ಮೊದಲ ಭಾಗ ಹಾಕಿದಾಗ ಹಿಟ್ಟು ಹರಿದು ಚೂರುಚೂರಾಗಿ, ಜಾರಿ, ಕೈಗೆಲ್ಲ ಮೆತ್ತಿಕೊಳ್ಳುತ್ತದೆ. ಎಲ್ಲ ಕೆಟ್ಟಿತು ಅನ್ನಿಸುತ್ತದೆ. ಕೆಟ್ಟಿಲ್ಲ. ಅಲ್ಲಿ ಮೈದಾ ಸುರಿಯಬೇಡಿ, ನಾದುತ್ತಲೇ ಇರಿ. ಎರಡು ಮೂರು ನಿಮಿಷಕ್ಕೆ ಮತ್ತೆ ಕೂಡುತ್ತದೆ. ಬೆಣ್ಣೆ ಎಲ್ಲ ಮುಗಿದ ಮೇಲೆ ಇನ್ನೂ ಏಳೆಂಟು ನಿಮಿಷ ನಾದಿ. ಸ್ಟ್ಯಾಂಡ್ ಮಿಕ್ಸರ್ ಇರುವವರಿಗೆ ಒಟ್ಟು ಹತ್ತು ಹನ್ನೆರಡು ನಿಮಿಷ ಸಾಕು.

ಹದ ಬಂತಾ ಎಂದು ನೋಡಲು ನಿಂಬೆಗಾತ್ರದ ಹಿಟ್ಟು ತೆಗೆದು, ಎರಡೂ ಕೈಯ ಬೆರಳುಗಳಿಂದ ನಿಧಾನವಾಗಿ ಅಗಲಿಸಿ. ಕಿಟಕಿ ಬೆಳಕಿಗೆ ಹಿಡಿದರೆ ಬೆಳಕು ತೂರಿ ಬರುವಷ್ಟು ತೆಳುವಾಗಬೇಕು, ಹರಿಯಬಾರದು. ಬೇಗ ಹರಿದರೆ ಇನ್ನೂ ನಾಲ್ಕು ನಿಮಿಷ ನಾದಿ.

ಮೊದಲ ಸಲ ಉಬ್ಬುವುದು

ಎಣ್ಣೆ ಸವರಿದ ಪಾತ್ರೆಯಲ್ಲಿ ಉಂಡೆ ಇಟ್ಟು ಮುಚ್ಚಿ. ಎಷ್ಟು ಹೊತ್ತು ಎಂಬುದಕ್ಕೆ ಗಡಿಯಾರ ನೋಡಬೇಡಿ. ಇಡ್ಲಿ ಹಿಟ್ಟು ಬೇಸಿಗೆಯಲ್ಲಿ ಬೇಗ ಹುಳಿ ಬಂದು, ಡಿಸೆಂಬರ್‌ನಲ್ಲಿ ಬೆಳಗಾದರೂ ಅಲ್ಲಾಡದೆ ಕೂತಿರುವುದನ್ನು ನೋಡಿದ್ದೀರಿ. ಇದೂ ಹಾಗೇ. ಕಲಬುರಗಿಯ ಏಪ್ರಿಲ್ ಸೆಕೆಯಲ್ಲಿ ಮುಕ್ಕಾಲು ಗಂಟೆಗೆ ಆಗಬಹುದು, ಮಡಿಕೇರಿಯ ಚಳಿಯಲ್ಲಿ ಎರಡೂವರೆ ಗಂಟೆ ಬೇಕಾಗಬಹುದು. 27, 28 ಡಿಗ್ರಿ ಇದ್ದರೆ ಸುಮಾರು ಒಂದೂಕಾಲು ಗಂಟೆ. ಗಾತ್ರ ಎರಡರಷ್ಟಾಗಬೇಕು. ಬೆರಳಿಗೆ ಮೈದಾ ಹಚ್ಚಿ ನಡುವೆ ಚುಚ್ಚಿ ನೋಡಿ. ಗುಳಿ ತಕ್ಷಣ ಮುಚ್ಚಿಕೊಂಡರೆ ಇನ್ನೂ ಬೇಕು. ಹಾಗೇ ನಿಂತರೆ ಆಯಿತು.

ಚಳಿ ಜಾಸ್ತಿ ಇದ್ದರೆ, ಆಫ್ ಇರುವ ಓವನ್ ಒಳಗೆ ಹಿಟ್ಟಿನ ಪಾತ್ರೆಯನ್ನೂ ಒಂದು ಲೋಟ ಕುದಿನೀರನ್ನೂ ಇಟ್ಟು ಬಾಗಿಲು ಮುಚ್ಚಿ. ಸಿಹಿ ಹಿಟ್ಟು ಸಾದಾ ಬ್ರೆಡ್ ಹಿಟ್ಟಿಗಿಂತ ನಿಧಾನ ಎಂಬುದೂ ನೆನಪಿರಲಿ. ಸಕ್ಕರೆ ನೀರನ್ನು ತನ್ನ ಕಡೆ ಎಳೆದುಕೊಳ್ಳುವುದರಿಂದ ಈಸ್ಟ್‌ಗೆ ಕಷ್ಟವಾಗುತ್ತದೆ.

ಹೂರಣ ಹಚ್ಚಿ ಸುರುಳಿ ಸುತ್ತುವುದು

ತುರಿ ಉಜ್ಜಿದ ಸಕ್ಕರೆಗೆ ಏಲಕ್ಕಿ, ಕಾರ್ನ್‌ಫ್ಲೋರ್, ಉಪ್ಪು ಬೆರೆಸಿ. ಬೇಯುವಾಗ ಸಕ್ಕರೆ ಕರಗಿ ತಳಕ್ಕೆ ಹರಿಯದಂತೆ ಕಾರ್ನ್‌ಫ್ಲೋರ್ ಹಿಡಿದಿಡುತ್ತದೆ. ಏಲಕ್ಕಿಯನ್ನು ಆಗಲೇ ಬಿಡಿಸಿ ಕುಟ್ಟಿ. ಸ್ವೀಡನ್‌ನಲ್ಲಿ ಸಿಹಿ ಬನ್ ಹಿಟ್ಟಿಗೆ ಏಲಕ್ಕಿ ಹಾಕುವುದು ಹಳೆಯ ವಾಡಿಕೆ, ಕಿತ್ತಳೆ ರೋಲ್ ಅಮೆರಿಕದ ಅಲಬಾಮಾ ಕಡೆ ಬಹಳ ಜನಪ್ರಿಯ. ಎರಡೂ ಒಂದೇ ರೋಲ್‌ನಲ್ಲಿ ಸೇರಿದಾಗ ನಮ್ಮ ನಾಲಿಗೆಗೆ ಅದು ಪರಕೀಯ ಅನ್ನಿಸುವುದೇ ಇಲ್ಲ. ದಾಲ್ಚಿನ್ನಿ ಹಾಕುವವರಿದ್ದಾರೆ. ಅದು ಕಿತ್ತಳೆಯನ್ನು ಹಿಂದಕ್ಕೆ ತಳ್ಳಿಬಿಡುತ್ತದೆ, ಅದಕ್ಕೇ ನಾನು ಹಾಕುವುದಿಲ್ಲ.

ಹಿಟ್ಟನ್ನು ಮೆಲ್ಲಗೆ ಒತ್ತಿ ಗಾಳಿ ತೆಗೆದು, ಸ್ವಲ್ಪವೇ ಮೈದಾ ಉದುರಿಸಿದ ಕಟ್ಟೆಯ ಮೇಲೆ 40 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲಕ್ಕೆ ಲಟ್ಟಿಸಿ. ಚೌಕ ಮೂಲೆ ಬರಲು ನಡುವಿನಿಂದ ಮೂಲೆಗಳ ಕಡೆ ಲಟ್ಟಣಿಗೆ ಒಯ್ಯಿರಿ. ಹಿಟ್ಟು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರೆ ಜಗ್ಗಾಡಬೇಡಿ. ಬಟ್ಟೆ ಮುಚ್ಚಿ ಐದು ನಿಮಿಷ ಬಿಟ್ಟರೆ ತಾನೇ ಸಡಿಲವಾಗುತ್ತದೆ.

ಬೆಣ್ಣೆ ಹಚ್ಚಿ. ಕರಗಿದ ಬೆಣ್ಣೆ ಬೇಡ, ಅದು ಸುತ್ತುವಾಗ ಹೊರಗೆ ಹರಿಯುತ್ತದೆ. ಬೆರಳಿಗೆ ಮೆತ್ತಗೆ ಹತ್ತುವ ಹದದ್ದು ಬೇಕು. ದೂರದ ಉದ್ದ ಅಂಚಿನಲ್ಲಿ ಎರಡು ಬೆರಳಷ್ಟು ಜಾಗ ಖಾಲಿ ಬಿಡಿ. ಸಕ್ಕರೆ ಹರಡಿ ಅಂಗೈಯಿಂದ ಹಗುರ ಒತ್ತಿ. ನಿಮ್ಮ ಕಡೆಯ ಉದ್ದ ಅಂಚಿನಿಂದ ಸುತ್ತುತ್ತಾ ಹೋಗಿ. ಚಾಪೆ ಸುತ್ತಿದ ಹಾಗೆ ಸಮವಾಗಿರಲಿ, ಆದರೆ ಹಗ್ಗ ಬಿಗಿದ ಹಾಗೆ ಬೇಡ. ಜಾಸ್ತಿ ಬಿಗಿಯಾದರೆ ಬೇಯುವಾಗ ನಡುವಿನ ಭಾಗ ಗೋಪುರದ ಹಾಗೆ ಮೇಲೆ ಎದ್ದು ಬರುತ್ತದೆ. ಕೊನೆಯ ಅಂಚಿಗೆ ನೀರು ಸವರಿ ಅಂಟಿಸಿ.

ಕತ್ತರಿಸಲು ಚಾಕು ಬೇಡ, ದಾರ ತೆಗೆದುಕೊಳ್ಳಿ. ಚಾಕು ಒತ್ತಿದರೆ ಸುರುಳಿ ಚಪ್ಪಟೆಯಾಗುತ್ತದೆ. ಬಣ್ಣ ಹಾಕದ ಗಟ್ಟಿ ಹತ್ತಿ ದಾರವನ್ನು ಸುರುಳಿಯ ಅಡಿಗೆ ತೂರಿಸಿ, ಎರಡೂ ತುದಿ ಮೇಲೆ ತಂದು, ಒಂದರ ಮೇಲೊಂದು ಅಡ್ಡ ಹಾಯಿಸಿ ಎಳೆಯಿರಿ. ದಾರ ಸುತ್ತಲೂ ಒಂದೇ ಸಮ ಒಳಗಿಳಿದು ದುಂಡು ಕೆಡದೆ ತುಂಡು ಬೇರೆಯಾಗುತ್ತದೆ. ಒಳಗಿನ ಕೇಸರಿ ಗೆರೆ ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಸುಮಾರು ನಾಲ್ಕೂವರೆ ಸೆಂ.ಮೀ. ಅಗಲದ ಒಂಬತ್ತು ತುಂಡು ಬರುತ್ತವೆ.

23 ಸೆಂ.ಮೀ. ಚೌಕದ ಟ್ರೇಗೆ ಬೆಣ್ಣೆ ಸವರಿ, ಮೂರು ಸಾಲು ಜೋಡಿಸಿ. ನಡುವೆ ಒಂದು ಬೆರಳು ಜಾಗ ಇರಲಿ.

ಎರಡನೇ ಸಲ ಉಬ್ಬುವುದು

ಮುಚ್ಚಿ 40ರಿಂದ 60 ನಿಮಿಷ. ರೋಲ್‌ಗಳು ಒಂದಕ್ಕೊಂದು ತಾಗಬೇಕು, ಮುಟ್ಟಿದರೆ ಮಗುವಿನ ಕೆನ್ನೆಯ ಹಾಗೆ ಮೆತ್ತಗಿರಬೇಕು. ಬೆರಳಿನಿಂದ ಹಗುರ ಒತ್ತಿದರೆ ಗುಳಿ ನಿಧಾನವಾಗಿ ಅರ್ಧ ಮಾತ್ರ ಮೇಲೆ ಬರಬೇಕು. ಸ್ವಲ್ಪವೂ ಮೇಲೆ ಬರದಿದ್ದರೆ ಹೊತ್ತು ಮೀರುತ್ತಿದೆ, ಕೂಡಲೇ ಬೇಯಿಸಿ. ಮನೆ ತುಂಬಾ ಸೆಕೆ ಇದ್ದಾಗ ಒಳಗಿನ ಬೆಣ್ಣೆ ಕರಗಿ ಹೊರಗೆ ಬರುತ್ತದೆ. ಅಂಥ ದಿನ ತಂಪಾದ ಕೋಣೆಯಲ್ಲಿಟ್ಟು ಸ್ವಲ್ಪ ಜಾಸ್ತಿ ಹೊತ್ತು ಕಾಯುವುದು ಮೇಲು.

ಬೆಳಗಿನ ತಿಂಡಿಗೆ ಬಿಸಿ ಬಿಸಿ ಬೇಕು ಅನ್ನುವವರು ರಾತ್ರಿಯೇ ರೋಲ್ ಟ್ರೇಗೆ ಜೋಡಿಸುವವರೆಗೆ ಮಾಡಿ, ಟ್ರೇಯನ್ನು ಗಾಳಿಯಾಡದಂತೆ ಮುಚ್ಚಿ ಫ್ರಿಜ್‌ನಲ್ಲಿಡಿ. ಎಂಟರಿಂದ ಹನ್ನೆರಡು ಗಂಟೆ ಇರುತ್ತದೆ. ಬೆಳಿಗ್ಗೆ ಹೊರಗೆ ತೆಗೆದು ಒಂದು ಗಂಟೆ ಬಿಟ್ಟು ಬೇಯಿಸಿ. ನನಗೆ ಈ ದಾರಿಯೇ ಇಷ್ಟ. ಇಡೀ ರಾತ್ರಿ ಬೆಣ್ಣೆಯಲ್ಲಿ ನೆನೆದ ತುರಿಯ ಪರಿಮಳ ಜಾಸ್ತಿ ಗಟ್ಟಿಯಾಗಿರುತ್ತದೆ.

ಬೇಯಿಸುವುದು

ಓಟಿಜಿಯನ್ನು, ಅಂದರೆ ಮನೆಬಳಕೆಯ ಸಣ್ಣ ವಿದ್ಯುತ್ ಓವನ್ನನ್ನು, 180 ಡಿಗ್ರಿಗೆ ಇಟ್ಟು, ಮೇಲಿನ ಕೆಳಗಿನ ಎರಡೂ ಕಾಯಿಲ್ ಹಾಕಿ, ಹದಿನೈದು ನಿಮಿಷ ಮೊದಲೇ ಕಾಯಿಸಿ. ಟ್ರೇ ನಡುವಿನ ತಟ್ಟಿಗಿಂತ ಒಂದು ಮೆಟ್ಟಿಲು ಕೆಳಗೆ. ರೋಲ್ ಮೇಲೆ ಹಾಲು ಸವರಿ ಒಳಗಿಡಿ. 22ರಿಂದ 26 ನಿಮಿಷ ಸಾಕು. ಹಾಲು, ಸಕ್ಕರೆ ಇರುವ ಹಿಟ್ಟು ಬೇಗ ಕೆಂಪಾಗುತ್ತದೆ. ಹದಿನಾರನೇ ನಿಮಿಷಕ್ಕೆ ನೋಡಿ, ಬಣ್ಣ ಏರಿದ್ದರೆ ಮೇಲೆ ಫಾಯಿಲ್ ಹಾಳೆ ಸಡಿಲವಾಗಿ ಮುಚ್ಚಿ. ಮೈಕ್ರೋವೇವ್ ಆದರೆ ಕನ್ವೆಕ್ಷನ್ ಮೋಡ್‌ನಲ್ಲಿ 165ರಿಂದ 170 ಡಿಗ್ರಿ. ಬರೀ ಮೈಕ್ರೋವೇವ್ ಮೋಡ್‌ನಲ್ಲಿ ಇದು ಆಗುವುದಿಲ್ಲ.

ಬೆಂದಿದೆಯಾ ಎಂದು ಅಂಚಿನ ರೋಲ್ ನೋಡಿ ಹೇಳಬೇಡಿ. ಟ್ರೇಯ ನಟ್ಟನಡುವಿನ ರೋಲ್‌ನ ಒಳಸುತ್ತನ್ನು ಫೋರ್ಕ್‌ನಿಂದ ಸ್ವಲ್ಪ ಎತ್ತಿ. ಎಳೆ ಎಳೆಯಾಗಿ ಬಂದರೆ ಬೆಂದಿದೆ, ಅಂಟಂಟು ಇದ್ದರೆ ಇನ್ನೂ ಮೂರು ನಿಮಿಷ. ಥರ್ಮಾಮೀಟರ್ ಚುಚ್ಚಿದರೆ ಸುಮಾರು 90 ಡಿಗ್ರಿ ತೋರಿಸಬೇಕು. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯನ್ನು ಮುಚ್ಚಿ ಹತ್ತು ನಿಮಿಷ ಕಾಯಿಸಿ, ಒಳಗೆ ಸ್ಟ್ಯಾಂಡ್ ಇಟ್ಟು, ಸಣ್ಣ ದುಂಡು ಟ್ರೇಯಲ್ಲಿ ನಾಲ್ಕೈದು ರೋಲ್ ಬೇಯಿಸಬಹುದು. ಸಣ್ಣ ಉರಿಯಲ್ಲಿ ಅರ್ಧ ಗಂಟೆಯ ಮೇಲೆ ಬೇಕು. ಮೇಲ್ಭಾಗ ಕೆಂಪಾಗುವುದಿಲ್ಲ, ರುಚಿಗೆ ಕೊರತೆ ಇಲ್ಲ.

ಲೇಪ

ರಸದ ಕೆಲಸ ಈಗ. ಸಕ್ಕರೆ ಪುಡಿಗೆ ಕರಗಿಸಿದ ಬೆಣ್ಣೆ, ನಿಂಬೆರಸ, ತುರಿ ಹಾಕಿ, ಕಿತ್ತಳೆ ರಸವನ್ನು ಅರ್ಧ ಅರ್ಧ ಚಮಚ ಸೇರಿಸುತ್ತಾ ಕದಡಿ. ಚಮಚದಿಂದ ಎತ್ತಿದರೆ ಜೇನಿನ ಹಾಗೆ ದಪ್ಪ ಎಳೆಯಾಗಿ ಬೀಳಬೇಕು. ನಾಗಪುರದ ಕಿತ್ತಳೆ ಬರೀ ಸಿಹಿಯಾದ್ದರಿಂದ ನಿಂಬೆರಸ ಇಲ್ಲದಿದ್ದರೆ ಲೇಪ ಸಪ್ಪೆ. ಕೊಡಗಿನದಾದರೆ ರುಚಿ ನೋಡಿ ನಿಂಬೆ ಹಾಕಿ. ರಸವನ್ನು ಬತ್ತಿಸಿ ಹಾಕಿದರೆ ಇನ್ನೂ ರುಚಿ ಎಂದು ಕೆಲವರು ಹೇಳುತ್ತಾರೆ. ಕುದಿಸಿದ ಕಿತ್ತಳೆ ರಸಕ್ಕೆ ಬೇರೊಂದು ಬೆಂದ ರುಚಿ, ಒಮ್ಮೊಮ್ಮೆ ಕಹಿ ಬರುತ್ತದೆ. ಹಸಿ ರಸವೇ ನನಗೆ ಸರಿ.

ಟ್ರೇ ಹೊರಗೆ ತೆಗೆದು ಐದು ನಿಮಿಷಕ್ಕೆ ಲೇಪದ ಮೂರನೇ ಒಂದು ಭಾಗ ಹಚ್ಚಿ. ಬಿಸಿಗೆ ಅದು ಕರಗಿ ಸುತ್ತುಗಳ ಒಳಗೆ ಇಳಿಯುತ್ತದೆ. ಉಳಿದದ್ದನ್ನು ಇಪ್ಪತ್ತು ನಿಮಿಷ ಕಳೆದು ಸುರಿಯಿರಿ, ಅದು ಮೇಲೆ ಬೆಳ್ಳಗೆ ನಿಲ್ಲುತ್ತದೆ. ಒಂದೇ ಸಲ ಎಲ್ಲ ಸುರಿದರೆ ಪೂರ್ತಿ ತಳಕ್ಕೆ ಇಳಿದುಬಿಡುತ್ತದೆ.

ಸರಿಯಾಗಿ ಬರದಿದ್ದರೆ

ಕಹಿ ಬಂದರೆ ತುರಿಯಲ್ಲಿ ಬಿಳಿ ಸೇರಿದೆ, ಬೇರೆ ಕಾರಣ ಹುಡುಕುವುದು ಬೇಡ. ಘಮ ಇಲ್ಲದಿದ್ದರೆ ತುರಿ ಕಡಿಮೆಯಾಗಿದೆ ಅಥವಾ ಮೊದಲೇ ತುರಿದು ತೆರೆದಿಟ್ಟು ಎಣ್ಣೆ ಆರಿಹೋಗಿದೆ. ರೋಲ್ ಗಟ್ಟಿಯಾದರೆ ಹೆಚ್ಚಿನ ಸಲ ಕಾರಣ ಒಂದೇ, ಅಂಟುತ್ತದೆ ಎಂದು ನಾದುವಾಗ ಮೈದಾ ಸುರಿದಿರುತ್ತೇವೆ. ಹೊರಗೆ ಕೆಂಪಾಗಿ ಒಳಗೆ ಹಸಿ ಉಳಿದರೆ ಓವನ್ ತೋರಿಸುವುದಕ್ಕಿಂತ ಬಿಸಿ ಇದೆ. ಮನೆಯ ಓಟಿಜಿಗಳಲ್ಲಿ ಈ ವ್ಯತ್ಯಾಸ ಸಾಮಾನ್ಯ. ಒಳಗಿಡುವ ಸಣ್ಣ ಓವನ್ ಥರ್ಮಾಮೀಟರ್ ಒಂದು ತಂದರೆ ಅನುಮಾನ ಮುಗಿಯುತ್ತದೆ. ಬೇಯುವಾಗ ಚೆನ್ನಾಗಿ ಎದ್ದು ಆಮೇಲೆ ಕುಸಿದರೆ ಎರಡನೇ ಸಲ ಉಬ್ಬಲು ಜಾಸ್ತಿ ಹೊತ್ತು ಬಿಟ್ಟಿದ್ದೀರಿ.

ಉಳಿದರೆ

ಪೂರ್ತಿ ಆರಿದ ಮೇಲೆ ಮುಚ್ಚಿದ ಡಬ್ಬಿಯಲ್ಲಿ ಹೊರಗೇ ಎರಡು ದಿನ ಇಡಬಹುದು. ಸೆಕೆಗಾಲದಲ್ಲಿ ಒಂದೇ ದಿನ. ಫ್ರಿಜ್‌ನಲ್ಲಿಟ್ಟರೆ ಬ್ರೆಡ್ ಬೇಗ ಬಿರುಸಾಗುತ್ತದೆ, ಅದಕ್ಕಿಂತ ಫ್ರೀಜರ್ ಒಳ್ಳೆಯದು. ಲೇಪ ಹಚ್ಚದ ರೋಲ್ ಒಂದೊಂದನ್ನೂ ಸುತ್ತಿ ಫ್ರೀಜರ್‌ನಲ್ಲಿಟ್ಟರೆ ಒಂದು ತಿಂಗಳು ಇರುತ್ತದೆ. ತಿನ್ನುವಾಗ ಹೊರಗೆ ತೆಗೆದು ಮೆತ್ತಗಾದ ಮೇಲೆ, ನಾಲ್ಕು ಹನಿ ನೀರು ಚಿಮುಕಿಸಿ ಮೈಕ್ರೋವೇವ್‌ನಲ್ಲಿ ಇಪ್ಪತ್ತು ಸೆಕೆಂಡ್. ಇಲ್ಲವೆಂದರೆ ಇಡ್ಲಿ ಪಾತ್ರೆಯ ಹಬೆಯಲ್ಲಿ, ಮೇಲೆ ಬಟ್ಟೆ ಹಾಸಿ, ಎರಡು ನಿಮಿಷ. ಲೇಪವನ್ನು ಆಗಲೇ ಹೊಸದಾಗಿ ಕಲಸಿ ಹಚ್ಚಿ. ತುರಿ ತೆಗೆದ ಹಣ್ಣುಗಳು ಬೇಗ ಒಣಗುತ್ತವೆ, ಅವನ್ನು ಅದೇ ದಿನ ತಿಂದು ಮುಗಿಸಿ.